ಕೈ ಹಿಂದಕ್ಕೆ ತೆಗೆದುಕೊಂಡ ಮೇಲೆ

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಶಿಫ್ಟ್ ಸೂಪರ್‌ವೈಸರ್. ನನ್ನ ಊರು ವಿಜಯಪುರದ ಕಡೆ. ಆಪರೇಟರುಗಳಲ್ಲಿ ಅರ್ಧದಷ್ಟು ಜನ ಇಂಡಿ, ಆಳಂದ, ಅಫಜಲಪುರದವರಾದ್ದರಿಂದ ನಮ್ಮ ಮಾತು ಕನ್ನಡದಲ್ಲಿ ಆರಂಭವಾಗಿ ಮರಾಠಿಯಲ್ಲಿ ಮುಗಿಯುವುದು ಸಾಮಾನ್ಯ. 38ನೆಯ ವಯಸ್ಸಿನಲ್ಲಿ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಹೆಸರು ಹಚ್ಚಿದೆ.

ಮೊದಲು ಮಾಡಿದ್ದು ಸಮಯದ ಲೆಕ್ಕ. ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಗಳ ಓದು. 4 ಕ್ರೆಡಿಟ್ಟಿನ ವಿಷಯಕ್ಕೆ 120 ಗಂಟೆ, ಅಂದರೆ ದಿನಕ್ಕೆ ಒಂದೂಕಾಲು ಗಂಟೆಯಂತೆ 96 ದಿನ. ಶಿಫ್ಟ್ ವಾರವಾರವೂ ಬದಲಾಗುವುದರಿಂದ ಗಡಿಯಾರವನ್ನು ನೆಚ್ಚಲಾಗದೆ, ಎದ್ದ ಮೇಲೆ ಸ್ನಾನಕ್ಕೆ ಮುಂಚಿನ ಒಂದೂಕಾಲು ಗಂಟೆ ಓದಿಗೆ ಎಂದು ಗೊತ್ತುಮಾಡಿಕೊಂಡೆ. ಇದು ಹೇಗೋ ನಡೆಯಿತು. ಕಠಿಣವಾದದ್ದು ಬೇರೆಯೇ ಇತ್ತು.

ಡಿಸೆಂಬರಿನ ಪರೀಕ್ಷೆ ಬರೆದು ಹೊರಬಂದು ಫೋನ್ ತೆರೆದಾಗ ಕಾರ್ಖಾನೆಯಿಂದ 14 ಕರೆಗಳು ಬಂದಿದ್ದವು. ರಂಧ್ರ ಕೊರೆಯುವ ಬೋರಿಂಗ್ ಬಾರಿನ ಇನ್ಸರ್ಟ್, ಅಂದರೆ ಕತ್ತರಿಸುವ ತುದಿ, ಬದಲಾಯಿಸಿದ ಮೇಲೆ ಮೊದಲ ಪೀಸಿನ ಅಳತೆ ಸರಿ ಬಂದಿರಲಿಲ್ಲ. ಮಷಿನ್ನಿಗೆ ಕೊಡುವ ತಿದ್ದುಪಡಿಯ ಅಂಕಿಯಾದ ಆಫ್‌ಸೆಟ್ ತಿದ್ದಲು ಯಾರೂ ಮುಂದಾಗದೆ ಮಷಿನ್ ಎರಡೂವರೆ ಗಂಟೆ ನಿಂತಿತ್ತು. ಮರುದಿನ ಕೇಳಿದರೆ ಆಪರೇಟರ್ ಹುಡುಗ ತಲೆ ತಗ್ಗಿಸಿ, “ಸಾಹೇಬ್ರ, ಅದನ್ನ ಯಾವಾಗ್ಲೂ ನೀವ ಮಾಡ್ತೀರಲ್ಲ” ಎಂದ. ನಾನು ಉತ್ತರ ಕೊಡಲಾಗಲಿಲ್ಲ. ಯಾರಾದರೂ ತಡವರಿಸಿದೊಡನೆ “ತಾ ಇಲ್ಲಿ” ಎಂದು ಅಳತೆಯ ಗೇಜನ್ನು ಕಸಿದುಕೊಳ್ಳುವುದು ನನಗೆ ವರ್ಷಗಳ ರೂಢಿ. ಅದನ್ನೇ ನಾನು ಜವಾಬ್ದಾರಿ ಎಂದು ತಿಳಿದಿದ್ದೆ.

ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಹುಡುಗರ ಗುಂಪುಗಳ ಮೇಲೆ ನಡೆಸಿ 1939ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಪರೀಕ್ಷೆಗಾಗಿ ಓದಿಕೊಂಡಿದ್ದೆ. ಎಲ್ಲವನ್ನೂ ತಾನೇ ಹೇಳಿ ಮಾಡಿಸುವ ಮುಖಂಡ ಕೋಣೆಯಿಂದ ಹೊರಗೆ ಹೋದಾಗ ಆ ಗುಂಪಿನ ಕೆಲಸ ಕುಸಿಯಿತೆಂಬುದು ಅದರಲ್ಲಿ ಕಂಡ ಒಂದು ಸಂಗತಿ. ಉತ್ತರಪತ್ರಿಕೆಯಲ್ಲಿ ಬರೆಯಲು ಸಿದ್ಧವಾಗಿದ್ದ ಆ ಸಾಲು ನನ್ನ ಬಗೆಗೇ ಇತ್ತೆಂದು ಆ ದಿನ ತಿಳಿಯಿತು.

ಅದೇ ವಾರ ಮನೆಯಲ್ಲಿ, ಐದನೆಯ ಇಯತ್ತೆಯ ಮಗಳು ಭಿನ್ನರಾಶಿಯ ಲೆಕ್ಕ ಮಾಡುತ್ತಿದ್ದಾಗ ನಾನು ಪಕ್ಕದಲ್ಲಿ ಕುಳಿತೆ. ಹೆಂಡತಿ ಅಡುಗೆಮನೆಯಿಂದಲೇ, “ನೀವು ಬಂದು ಕೂತ್ರ ಅಕಿ ಪೆನ್ಸಿಲ್ ಕೆಳಗ ಇಡ್ತಾಳ, ನೋಡ್ರಿ” ಎಂದಳು. ನೋಡಿದೆ. ಮಗಳು ನಿಜಕ್ಕೂ ಪೆನ್ಸಿಲನ್ನು ನನ್ನ ಕಡೆಗೆ ಉರುಳಿಸಿ ಕೈಕಟ್ಟಿ ಕುಳಿತಿದ್ದಳು. ಎರಡೂವರೆ ಗಂಟೆ ನಿಂತ ಮಷಿನ್ನಿಗಿಂತ ಇದೇ ನನ್ನನ್ನು ಹೆಚ್ಚು ನೋಯಿಸಿತು.

ಹೊಸ ವರ್ಷದಿಂದ ಮಷಿನ್ನಿನ ಮುಂದೆ ನಿಂತಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳತೊಡಗಿದೆ. ಬರೀ ಮನಸ್ಸಿನ ನಿರ್ಧಾರಕ್ಕೆ ನನ್ನ ಕೈ ಬಗ್ಗುತ್ತಿರಲಿಲ್ಲ. ಅಳತೆ ಎಷ್ಟು ಬಂತು, ಎಷ್ಟು ಬೇಕು, ಈಗ ನೀನು ಏನು ಮಾಡುವೆ ಎಂದಷ್ಟೇ ಕೇಳುತ್ತಿದ್ದೆ. ನಮ್ಮ ಬೋರು, ಅಂದರೆ ಕೊರೆದ ರಂಧ್ರ, 40 ಎಚ್7 ಎಂಬ ಅಳತೆಯದು, ಅಂದರೆ 40.000ರಿಂದ 40.025 ಮಿಲಿಮೀಟರಿನೊಳಗೆ ಬರಬೇಕು. ರಂಧ್ರ ಚಿಕ್ಕದಾದರೆ ಮತ್ತೆ ಕೊರೆಯಬಹುದು, ದೊಡ್ಡದಾದರೆ ಪೀಸು ಗುಜರಿಗೆ. ಆದ್ದರಿಂದ ಮೊದಲ ಪೀಸನ್ನು ಬೇಕೆಂದೇ ಚಿಕ್ಕದಾಗಿ ಕೊರೆಯಿಸಿ, ಅಲ್ಲಿಂದ ತಾವೇ ತಿದ್ದಿಕೊಳ್ಳಲು ಬಿಟ್ಟೆ. ತಪ್ಪಿದರೂ ಸರಿಪಡಿಸಬಹುದಾದ ಕಡೆಯಲ್ಲೇ ಕಲಿಯಲು ಬಿಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಪೀಸನ್ನು ಹಿಡಿದಿಡುವ ಚಕ್ಕಿನ ಹಿಡಿತದ ಒತ್ತಡ, ಹಾಯ್ಸ್ಟಿನಲ್ಲಿ ಭಾರ ಎತ್ತುವುದು ಇವನ್ನು ನಾನು ಇಂದಿಗೂ ಹೊಸಬರ ಪ್ರಯೋಗಕ್ಕೆ ಬಿಡುವುದಿಲ್ಲ.

ಮೊದಲ ಮೂರು ವಾರ ಉತ್ಪಾದನೆ ಇಳಿಯಿತು. 12 ನಿಮಿಷದ ಸೆಟ್ಟಿಂಗಿಗೆ 35 ನಿಮಿಷ ಹಿಡಿದು, ಮೇಲಿನವರಿಂದ ಮಾತು ಕೇಳಬೇಕಾಯಿತು. ಕಾರಣವನ್ನು ಕಾಗದದ ಮೇಲೆ ಬರೆದುಕೊಟ್ಟು ಒಂದು ತಿಂಗಳ ಅವಧಿ ಕೇಳಿಕೊಂಡೆ. ಮನೆಯಲ್ಲಿ ಇದಕ್ಕಿಂತ ನಿಧಾನ. ಮಗಳು ಛೇದಗಳನ್ನು ಕೂಡಿಸಿಬಿಟ್ಟಾಗ ಬಾಯಿ ಬಿಡದೆ ಕೂರುವುದು ನನಗೆ ಈಗಲೂ ಕಷ್ಟವೇ. ಅರ್ಧ ರೊಟ್ಟಿಗೆ ಕಾಲು ರೊಟ್ಟಿ ಸೇರಿಸಿ ತಾಟಿನಲ್ಲಿಟ್ಟು ತಾನೇ ನೋಡಲೆಂದು ಕಾಯುತ್ತೇನೆ. ರಾತ್ರಿ ಪಾಳಿ ಮುಗಿಸಿ ಬಂದ ದಿನ ತಾಳ್ಮೆ ಕೆಡುತ್ತದೆ, ಹೀಗಾಗಿ ಆ ವಾರ ಲೆಕ್ಕದ ಪಾಠ ಹೆಂಡತಿಯದು.

ಜೂನಿನ ಪರೀಕ್ಷೆಯ ದಿನ ಒಂದೂ ಕರೆ ಬರಲಿಲ್ಲ. ಮರುದಿನ ಲಾಗ್‌ಬುಕ್ ತೆರೆದರೆ ಅದೇ ಹುಡುಗನ ಸೊಟ್ಟ ಅಕ್ಷರದಲ್ಲಿ ಹೀಗಿತ್ತು: ಇನ್ಸರ್ಟ್ ಬದಲಿ, ಮೊದಲ ಪೀಸ್ 39.980, ಆಫ್‌ಸೆಟ್ ಪ್ಲಸ್ 0.03, ಎರಡನೇ ಪೀಸ್ 40.010, ಮಷಿನ್ ಚಾಲೂ. ಅದರ ಕೆಳಗೆ ನಾನು ಸಹಿಯಷ್ಟೇ ಮಾಡಿದೆ.