ಒಂದು ಪಾಯಿಂಟಿನ ಆಟಗಾರನ ಕೆಲಸ

"ಎಷ್ಟ ಬಾಸ್ಕೆಟ್ ಹಾಕಿದ್ಯೋ ತಮ್ಮಾ?" ಥಾಯ್ಲೆಂಡಿನಲ್ಲಿ ಭಾರತದ ಜೆರ್ಸಿ ಹಾಕಿಕೊಂಡು ವೀಲ್‌ಚೇರ್ ಬಾಸ್ಕೆಟ್‌ಬಾಲ್ ಆಡಿ ಬಂದ ಮೇಲೂ ಗದಗಿನ ನಮ್ಮ ಓಣಿಯಲ್ಲಿ ಮೊದಲು ಕೇಳಿದ್ದು ಇದನ್ನೇ. ಒಂದೂ ಹಾಕಿಲ್ಲ ಅಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ಪಾಪ, ನನಗಿಂತ ಅವರಿಗೇ ಹೆಚ್ಚು ಬೇಜಾರು.

ಡಿಪ್ಲೊಮಾ ಓದುವಾಗ ಬೈಕ್ ಅಪಘಾತ, ಬೆನ್ನುಹುರಿಗೆ ಪೆಟ್ಟು. ಎದೆಯಿಂದ ಕೆಳಗೆ ಹಿಡಿತ ಇಲ್ಲ. ಆ ಕಥೆ ಇಷ್ಟು ಸಾಕು. ಆಟಕ್ಕೆ ಬೇಕಾದ ಸಂಗತಿ ಬೇರೆ: ಹೊಟ್ಟೆ, ಸೊಂಟದ ಸ್ನಾಯು ಕೈಕೊಟ್ಟವನು ಮುಂದಕ್ಕೆ ಬಾಗಿದರೆ ಕೈ ಊರದೆ ಏಳಲಾರ. ವೀಲ್‌ಚೇರ್ ಬಾಸ್ಕೆಟ್‌ಬಾಲಿನಲ್ಲಿ ಇಂಥ ಹಿಡಿತವನ್ನು ನೋಡಿಯೇ ಆಟಗಾರರಿಗೆ 1.0 ರಿಂದ 4.5 ರವರೆಗೆ ಪಾಯಿಂಟ್ ಕೊಡುತ್ತಾರೆ. ಹಿಡಿತ ಕಡಿಮೆ ಇದ್ದಷ್ಟೂ ಪಾಯಿಂಟ್ ಕಡಿಮೆ. ನನ್ನದು 1.0. ಅಂಗಳದಲ್ಲಿರುವ ಐವರ ಪಾಯಿಂಟ್ ಕೂಡಿದರೆ 14 ದಾಟುವಂತಿಲ್ಲ. 4.5, 4.0, 3.0, 1.5 ಮತ್ತು ನಾನು ಸೇರಿದರೆ ಸರಿಯಾಗಿ 14. ನನ್ನ ಬದಲು 2.0 ಇರುವವನನ್ನು ಇಳಿಸಿದರೆ ಲೆಕ್ಕ ತಪ್ಪುತ್ತದೆ, 4.5, 4.0 ಇರುವ ದೊಡ್ಡವರಲ್ಲೊಬ್ಬ ಬೆಂಚಿಗೆ ಹೋಗಲೇಬೇಕು. ಅಂದರೆ ನಾನು ಒಳಗಿದ್ದರೆ ತಾನೇ ಇಬ್ಬರೂ ದೊಡ್ಡವರು ಒಳಗಿರುವುದು!

ಹಾಗಂತ ಲೆಕ್ಕ ತುಂಬಲಷ್ಟೇ ಕೂತವನಲ್ಲ. ಗಾಲಿಕುರ್ಚಿ ಪಕ್ಕಕ್ಕೆ ಸರಿಯುವುದಿಲ್ಲ. ಇಡೀ ಆಟ ನಿಂತಿರುವುದೇ ಇದರ ಮೇಲೆ. ಕಾಲಲ್ಲಿ ಆಡುವವನಿಗೆ ಅಡ್ಡ ನಿಂತರೆ ಒಂದು ಹೆಜ್ಜೆ ಪಕ್ಕಕ್ಕಿಟ್ಟು ಹೋಗಿಬಿಡುತ್ತಾನೆ. ನಮ್ಮಲ್ಲಿ ಹಾಗಲ್ಲ, ಇಕ್ಕಟ್ಟಿನ ಓಣಿಯಲ್ಲಿ ಬಂಡಿ ಹೊರಳಿಸಿದ ಹಾಗೆ ಹಿಂದೆ ಸರಿದು, ತಿರುಗಿಸಿ, ಮತ್ತೆ ವೇಗ ಹಿಡಿಯಬೇಕು. ಆ ಎರಡು-ಮೂರು ಸೆಕೆಂಡೇ ನನ್ನ ಬಂಡವಾಳ.

ನಮ್ಮವನು ಚೆಂಡು ಎಸೆದಾಗ ಎಲ್ಲರ ಕಣ್ಣೂ ರಿಂಗಿನ ಮೇಲಿರುತ್ತದೆ. ನಾನು ಮಾತ್ರ ಅತ್ತ ನೋಡುವುದಿಲ್ಲ. ಎದುರಾಳಿಗಳ 4.5 ಎಲ್ಲಿದ್ದಾನೆ ನೋಡಿ, ಅವನು ತಿರುಗಿ ಹೊರಡುವ ಮೊದಲೇ ಅವನ ದಾರಿಗೆ ಹೋಗಿ ನಿಲ್ಲುತ್ತೇನೆ. ನಿಯಮದ ಪ್ರಕಾರ ಕುರ್ಚಿಯೂ ಆಟಗಾರನ ದೇಹವೇ. ದಾರಿ ನಾನು ಮೊದಲು ಹಿಡಿದಿದ್ದರೆ ಡಿಕ್ಕಿ ಅವನ ಫೌಲ್. ತಡವಾಗಿ ಅಡ್ಡ ಬಂದರೆ ನನ್ನದು. ನನ್ನ ಫುಟ್‌ರೆಸ್ಟಿನ ಕಂಬಿ ಅವನ ದೊಡ್ಡ ಗಾಲಿಯ ಮುಂದೆ ಕೂತರೆ ಸಾಕು, ಅವನು ಸಿಕ್ಕಿಬಿದ್ದ. ಅತ್ತ ಅವರ ನಾಲ್ವರು ನಮ್ಮ ನಾಲ್ವರೊಡನೆ ಆಡುತ್ತಿರುತ್ತಾರೆ, ಆ ನಾಲ್ವರಲ್ಲಿ ಅವರ ಎತ್ತರದವನು ಇರುವುದಿಲ್ಲ. ಇದನ್ನು ಪಿಕ್ ಅನ್ನುತ್ತೇವೆ. ಸ್ಕೋರ್‌ಬೋರ್ಡಿನಲ್ಲಿ ಇದಕ್ಕೆ ಕಾಲಂ ಇಲ್ಲ.

ಹಾಗಾಗಿ ನನ್ನ ಅಭ್ಯಾಸದ ಮುಕ್ಕಾಲು ಪಾಲು ಚೆಂಡಿಲ್ಲದೆಯೇ. ನಿಂತಲ್ಲಿಂದ ಹೊರಟು ಮೊದಲ ಮೂರು ತಳ್ಳು ಎಷ್ಟು ಚುರುಕಾಗಿವೆ, ಗಾಲಿ ಹಿಡಿದು ಎಷ್ಟು ಬೇಗ ನಿಲ್ಲುತ್ತೇನೆ, ಇವನ್ನೇ ತಿದ್ದಿದ್ದು. ಹೆಬ್ಬೆರಳ ಬುಡದಲ್ಲಿ ಗುಳ್ಳೆ ಎದ್ದು, ಒಡೆದು, ಕಡೆಗೆ ಚರ್ಮವೇ ಗಟ್ಟಿಯಾಯಿತು. ಧಾರವಾಡದ ಸಿಮೆಂಟ್ ಅಂಗಳದಲ್ಲಿ ಜಿಟಿಜಿಟಿ ಮಳೆ ಹಿಡಿದರೆ ಕೈ ಗಾಲಿಯ ರಿಮ್‌ನಿಂದ ಜಾರುತ್ತದೆ, ಆಟ ಬಂದ್. ಹುಬ್ಬಳ್ಳಿಯ ಏಪ್ರಿಲ್ ಬಿಸಿಲಿನದು ಇನ್ನೊಂದು ತಾಪತ್ರಯ. ಪೆಟ್ಟಾದ ಜಾಗದಿಂದ ಕೆಳಗೆ ನನಗೆ ಬೆವರು ಬರುವುದಿಲ್ಲ, ಮೈ ತಣಿಯುವುದಿಲ್ಲ. ಕುತ್ತಿಗೆ, ತೋಳಿಗೆ ನೀರು ಸ್ಪ್ರೇ ಮಾಡಿಕೊಳ್ಳುತ್ತಲೇ ಆಡುತ್ತೇನೆ. ಆಟ ಮುಗಿದರೂ ಆಗಾಗ ಕೈಯೂರಿ ಮೈ ಎತ್ತಬೇಕು, ಇಲ್ಲವಾದರೆ ಕೂತಲ್ಲೇ ಒತ್ತುಹುಣ್ಣು. ಹುಣ್ಣಾದರೆ ಆ ಸೀಸನ್ ಮುಗಿದಂತೆ.

ರಾಜ್ಯ ತಂಡ, ರಾಷ್ಟ್ರೀಯ ಚಾಂಪಿಯನ್‌ಶಿಪ್, ಆಮೇಲೆ ಕ್ಯಾಂಪ್, ಆಯ್ಕೆ. ದಾರಿ ಎಲ್ಲರದೂ ಇದೇ. ರೈಲಿನದನ್ನು ಮಾತ್ರ ಹೇಳಲೇಬೇಕು. ಜಗತ್ತಿನ ಅತಿ ಉದ್ದದ ಪ್ಲಾಟ್‌ಫಾರ್ಮ್, 1,507 ಮೀಟರ್, ನಮ್ಮ ಹುಬ್ಬಳ್ಳಿಯದು. ಅಂಗವಿಕಲರ ಬೋಗಿ ಸಾಮಾನ್ಯವಾಗಿ ರೈಲಿನ ತುದಿಗೆ. ದಿನಬಳಕೆಯ ಕುರ್ಚಿಯಲ್ಲಿ ಕೂತು, ಆಟದ ಕುರ್ಚಿಯನ್ನು ಗೆಳೆಯನ ಕೈಲಿ ಎಳೆಸಿಕೊಂಡು ಅಲ್ಲಿಯವರೆಗೆ ಹೋಗುವವನಿಗೆ ಆ ದಾಖಲೆಯ ಬಗ್ಗೆ ಅಷ್ಟೇನೂ ಅಭಿಮಾನ ಉಕ್ಕುವುದಿಲ್ಲ.

ಹೊರದೇಶದ ಆಟದಲ್ಲಿ ಕಣ್ಣಿಗೆ ಬಿದ್ದ ಮೊದಲ ವ್ಯತ್ಯಾಸ ಅವರ 1.0 ಆಟಗಾರರು. ನಾನು ತಲುಪುವಷ್ಟರಲ್ಲಿ ಅವರು ಅಲ್ಲಿ ನಿಂತಿರುತ್ತಿದ್ದರು. ಇನ್ನೊಂದು, ನನಗೆ ಯಾರೂ ಕಾವಲು ನಿಲ್ಲುತ್ತಿರಲಿಲ್ಲ. 'ಇವನು ಎಸೆಯುವುದಿಲ್ಲ' ಅಂತ ಗೊತ್ತಾದ ತಕ್ಷಣ ನನ್ನ ಪಾಲಿನ ಡಿಫೆಂಡರ್ ಹೋಗಿ ನಮ್ಮ ದೊಡ್ಡವನ ಮೇಲೆ ಬೀಳುತ್ತಿದ್ದ. ಆದ್ದರಿಂದ ಈಗ ರಿಂಗಿನ ಹತ್ತಿರದಿಂದ ಎಸೆಯುವುದನ್ನು ಕಲಿಯುತ್ತಿದ್ದೇನೆ. ರಿಂಗಿನ ಎತ್ತರ ನಮಗೂ 3.05 ಮೀಟರೇ, ಒಂದಿಂಚೂ ರಿಯಾಯಿತಿ ಇಲ್ಲ. ಒಂದು ಕೈಯಲ್ಲಿ ಗಾಲಿ ಹಿಡಿದು ಇನ್ನೊಂದು ಕೈಯಲ್ಲಿ ಎಸೆಯುವುದು, ಯಾಕೆಂದರೆ ಎರಡೂ ಕೈ ಎತ್ತಿದರೆ ಮೈ ಮುಗ್ಗರಿಸುತ್ತದೆ.

ಅದಕ್ಕೆ ಅರ್ಧ ಪರಿಹಾರ ಕುರ್ಚಿಯಲ್ಲೇ ಇದೆ. ಸೀಟು ಹಿಂದಕ್ಕೆ ಇಳಿಜಾರಾಗಿ, ಮೊಣಕಾಲು ಮೇಲೆ ಬರುವಂತಿದ್ದರೆ ಮೈ ಕುರ್ಚಿಯೊಳಗೆ ಕಚ್ಚಿಕೊಂಡು ಕೂರುತ್ತದೆ. ತೊಡೆಯ ಮೇಲೊಂದು, ಹೊಟ್ಟೆಗೊಂದು ಬೆಲ್ಟ್ ಬಿಗಿದರೆ ಕುರ್ಚಿ ತಿರುಗಿದತ್ತ ನಾನೂ ತಿರುಗುತ್ತೇನೆ. ಡಿಕ್ಕಿಗೆ ಬಿರುಕು ಬಿಟ್ಟ ಕಂಬಿಯನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯ ವರ್ಕ್‌ಶಾಪಿನಲ್ಲಿ ಬೆಸೆಸುತ್ತೇನೆ. ಅಲ್ಯೂಮಿನಿಯಂ ಆದ್ದರಿಂದ ಆರ್ಗಾನ್ ವೆಲ್ಡಿಂಗೇ ಬೇಕು, ಎಲ್ಲ ಅಂಗಡಿಯಲ್ಲೂ ಆಗುವುದಿಲ್ಲ. ಟ್ಯೂಬಿನ ವಾಲ್ವ್ ಊರ ಸೈಕಲ್ ಅಂಗಡಿಯ ಪಂಪಿಗೆ ಹೊಂದುವುದಿಲ್ಲ, ಹಿತ್ತಾಳೆಯ ಚಿಕ್ಕ ಅಡಾಪ್ಟರ್ ಸದಾ ಕಿಸೆಯಲ್ಲಿರುತ್ತದೆ. ಬುಡ ಅಗಲವಾಗುವಂತೆ ಗಾಲಿಗಳು ಓರೆಯಾಗಿರುವುದರಿಂದ ಕುರ್ಚಿ ನಮ್ಮ ಮನೆಯ ಬಾಗಿಲಲ್ಲಿ ತೂರುವುದಿಲ್ಲ. ಗಾಲಿ ಕಳಚಿ ಒಳಗೆ ತರುವುದು ಅವ್ವನ ಕೆಲಸ. ಆಕ್ಸಲ್ ಗುಂಡಿ ಒತ್ತಿ ಗಾಲಿ ಕಳಚುವುದರಲ್ಲಿ ಅವಳ ಕೈ ನನಗಿಂತ ಚುರುಕು.