ಮಕ್ಕಳ ಕಣ್ಣಿನ ನಂಬರ್ ಏರದಂತೆ ನೋಡಿಕೊಳ್ಳುವುದು ಹೇಗೆ?

ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಮಗುವಿಗೆ ಕನ್ನಡಕ ಬಂದಿತೆಂದರೆ ಹಿರಿಯರು ಎರಡು ಮಾತು ಹೇಳುವುದುಂಟು: ಸದಾ ಹಾಕಿಕೊಂಡರೆ ನಂಬರ್ ಏರುತ್ತದೆ, ಆದ್ದರಿಂದ ತುಸು ಕಡಿಮೆ ನಂಬರಿನದೇ ಇರಲಿ. ಎರಡೂ ತಪ್ಪು. ಹತ್ತಿರದ್ದು ಕಂಡು ದೂರದ್ದು ಮಂಜಾಗುವ ಸಮೀಪದೃಷ್ಟಿಯಲ್ಲಿ, ಅಂದರೆ ಮೈನಸ್ ನಂಬರಿನಲ್ಲಿ, ಸಾಮಾನ್ಯವಾಗಿ ಕಣ್ಣುಗುಡ್ಡೆ ಅಗತ್ಯಕ್ಕಿಂತ ಉದ್ದವಾಗಿ ಬೆಳೆದಿರುವುದರಿಂದ ದೂರದ ವಸ್ತುವಿನ ಬಿಂಬ ಕಣ್ಣಿನ ಹಿಂಭಾಗದ ಪರದೆಯಾದ ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುತ್ತದೆ. ಮೈನಸ್ ನಂಬರಿನ ನಿಮ್ನ ಮಸೂರ ಅದನ್ನು ಹಿಂದಕ್ಕೆ ಸರಿಸಿ ನೋಟವನ್ನು ಸ್ಪಷ್ಟಗೊಳಿಸುತ್ತದೆ. ಬೇಕೆಂದೇ ಕಡಿಮೆ ನಂಬರ್ ಕೊಟ್ಟು ಮಲೇಷ್ಯಾದಲ್ಲಿ ನಡೆಸಿದ, 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೂರ್ಣ ನಂಬರ್ ಧರಿಸಿದವರಿಗಿಂತ ಆ ಮಕ್ಕಳ ದೋಷವೇ ಬೇಗ ಹೆಚ್ಚಿತು.

ಮೊದಲು ದೋಷವನ್ನು ಗುರುತಿಸಬೇಕು. ತನಗೆ ಮಂಜಾಗಿ ಕಾಣುತ್ತಿದೆ ಎಂದು ಮಗು ತಾನಾಗಿ ಹೇಳುವುದು ಅಪರೂಪ, ಏಕೆಂದರೆ ಎಲ್ಲರಿಗೂ ಹಾಗೆಯೇ ಕಾಣುತ್ತದೆಂದು ಅದು ತಿಳಿದಿರುತ್ತದೆ. ರೈಲು ನಿಲ್ದಾಣದಲ್ಲಿ ನಿಂತಾಗ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ದೂರದ ಇಂಡಿಕೇಟರಿನ ಅಕ್ಷರಗಳನ್ನು ಓದಿಸಿರಿ. ಕಣ್ಣು ಕಿರಿದಾಗಿಸಿದರೆ, ಇಲ್ಲವೇ ಒಂದು ಕಣ್ಣು ಮಾತ್ರ ತಡವರಿಸಿದರೆ, ನೇತ್ರತಜ್ಞರ ಬಳಿಗೆ ಕರೆದೊಯ್ಯಿರಿ.

ಅಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಪರೀಕ್ಷೆ ಮಾಡಿಸುವುದನ್ನು ಬಿಡಬೇಡಿ. ಮಕ್ಕಳ ಕಣ್ಣಿನ ಸ್ನಾಯು ಬಿಗಿಹಿಡಿದಿದ್ದರೆ ಇರುವುದಕ್ಕಿಂತ ಹೆಚ್ಚಿನ ಮೈನಸ್ ನಂಬರ್ ತೋರಬಹುದು; ಹನಿ ಆ ಬಿಗಿತವನ್ನು ಸಡಿಲಿಸುತ್ತದೆ. ಅಂಗಡಿಯ ಯಂತ್ರದ ಚೀಟಿಯನ್ನಷ್ಟೇ ನಂಬಿ ಮಗುವಿಗೆ ಮೊದಲ ಕನ್ನಡಕ ಮಾಡಿಸುವುದು ಸರಿಯಲ್ಲ. ತಂದೆತಾಯಿಗಳಿಬ್ಬರಿಗೂ ಮೈನಸ್ ಕನ್ನಡಕವಿದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚು. ಅಂಥ ಮನೆಯವರು ಲಕ್ಷಣಕ್ಕಾಗಿ ಕಾಯದೆ ಒಂದನೆಯ ತರಗತಿಗೆ ಮುನ್ನವೇ ತೋರಿಸಬೇಕು.

ದೋಷ ಇನ್ನೂ ಬಂದಿಲ್ಲವೆಂದಾದರೆ ಅದನ್ನು ದೂರವಿಡುವ ಬಲವಾದ ಉಪಾಯ ಹೊರಗಿನ ಬೆಳಕು: ದಿನಕ್ಕೆ ಸುಮಾರು ಎರಡು ಗಂಟೆ. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವೇ ನೂರು ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ) ಇದ್ದರೆ, ಹಗಲಿನ ಬಯಲಿನಲ್ಲಿ ಅದು ಹಲವು ಸಾವಿರಕ್ಕೇರುತ್ತದೆ. ಮೋಡ ಕವಿದ ದಿನವೂ ಬಯಲು ಕೋಣೆಗಿಂತ ಎಷ್ಟೋ ಪ್ರಕಾಶಮಾನ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯ ಬಿಡುವುಗಳನ್ನು ವ್ಯರ್ಥ ಮಾಡಬಾರದು. ಮಧ್ಯಾಹ್ನದ ಪಾಳಿಯ ಶಾಲೆಯವರಿಗೆ ಬೆಳಗು, ಬೆಳಗಿನ ಪಾಳಿಯವರಿಗೆ ಸಂಜೆ ಸಿಗುತ್ತದೆ. ಆದರೆ ಆ ಸಂಜೆಯನ್ನೇ ನಾವು ಟ್ಯೂಷನ್ನಿಗೆ ಕೊಟ್ಟುಬಿಡುತ್ತೇವೆ. ಒಂದೇ ಕೋಣೆಯ ಮನೆಯಲ್ಲಿ ಬೆಳೆಯುವ ಮಗುವಿಗೆ ಶಿವಾಜಿ ಪಾರ್ಕ್, ಮಾಟುಂಗದ ಫೈವ್ ಗಾರ್ಡನ್ಸ್, ಇಲ್ಲವೇ ಸೊಸೈಟಿಯ ಅಂಗಳ ವಿಲಾಸವಲ್ಲ, ಕಣ್ಣಿನ ಆರೈಕೆ. ಅಲ್ಲಿಗೆ ಮೊಬೈಲ್ ಒಯ್ಯುವುದು ಬೇಡ. ಸೂರ್ಯನನ್ನು ನೇರವಾಗಿ ನೋಡಬಾರದೆಂದೂ ಹೇಳಿಕೊಡಿ.

ದೋಷ ಬಂದ ಮೇಲೆ ಮಸೂರದ ಆಯ್ಕೆ ಮುಖ್ಯವಾಗುತ್ತದೆ. ಸಾಮಾನ್ಯ ಮಸೂರ ನೋಟವನ್ನಷ್ಟೇ ತಿದ್ದುತ್ತದೆ. ನಡುವೆ ಪೂರ್ಣ ನಂಬರ್, ಸುತ್ತಲೂ ನೂರಾರು ಸೂಕ್ಷ್ಮ ಮಸೂರಗಳಿರುವ ಹೊಸ ಬಗೆಯ ಕನ್ನಡಕವು ಕಣ್ಣುಗುಡ್ಡೆ ಉದ್ದವಾಗುವ ವೇಗವನ್ನೇ ತಗ್ಗಿಸುತ್ತದೆ. ಹಾಂಗ್‌ಕಾಂಗಿನಲ್ಲಿ ಎರಡು ವರ್ಷ ನಡೆದ ಪರೀಕ್ಷೆಯಲ್ಲಿ ನಂಬರ್ ಏರುವಿಕೆ ಸಾಮಾನ್ಯ ಮಸೂರಕ್ಕಿಂತ ಸರಾಸರಿ ಶೇ. 52ರಷ್ಟು ಕಡಿಮೆಯಾಯಿತು. ಆದರೂ ಪೂರ್ತಿ ನಿಲ್ಲಿಸುತ್ತದೆಂಬ ಭರವಸೆಯನ್ನು ಯಾರೂ ಕೊಡಬಾರದು. ಕೆಲವು ಮಕ್ಕಳಿಗೆ ವೈದ್ಯರು ನಂಬರ್ ಏರುವುದನ್ನು ನಿಧಾನಗೊಳಿಸಲು ಕಡಿಮೆ ಸಾಂದ್ರತೆಯ ಅಟ್ರೋಪಿನ್ ಎಂಬ ಔಷಧದ ಹನಿಯನ್ನೂ ಸೂಚಿಸುತ್ತಾರೆ. ಅದನ್ನು ಸ್ವಂತ ನಿರ್ಧಾರದಿಂದ ಹಾಕುವಂತಿಲ್ಲ.

ಈ ಹೊಸ ಬಗೆಯ ಮಸೂರದ ಕೇಂದ್ರವು ಪಾಪೆಯ ನೇರಕ್ಕೇ ಇರಬೇಕು. ಫ್ರೇಮ್ ಮೂಗಿನ ಮೇಲಿನಿಂದ ಜಾರುತ್ತಿದ್ದರೆ ಅಂದೇ ಬಿಗಿ ಮಾಡಿಸಿರಿ. ಎಚ್ಚರವಿರುವಷ್ಟು ಹೊತ್ತೂ, ಓದುವಾಗಲೂ, ಧರಿಸಬೇಕು. ಗಾಜಿನ ಬದಲು ಸುಲಭವಾಗಿ ಒಡೆಯದ ಪಾಲಿಕಾರ್ಬನೇಟ್ ಪ್ಲಾಸ್ಟಿಕ್ ಆಗಿರಲಿ. ಆರು ತಿಂಗಳಿಗೊಮ್ಮೆ ನಂಬರಿನ ಜೊತೆಗೆ, ಸೌಲಭ್ಯವಿದ್ದಲ್ಲಿ, ಕಣ್ಣುಗುಡ್ಡೆಯ ಉದ್ದವನ್ನೂ ಅಳೆಸಿ ಚೀಟಿಗಳನ್ನು ಜೋಡಿಸಿಡಿ. ಮೈನಸ್ ಆರು ದಾಟಿದ ಕಣ್ಣಿಗೆ ಮುಂದೆ ಅಕ್ಷಿಪಟಲ ಕಳಚುವ ಮತ್ತು ಕಣ್ಣಿನ ನರವನ್ನು ಹಾಳುಮಾಡುವ ಗ್ಲಾಕೋಮಾದ ಅಪಾಯ ಹೆಚ್ಚುವುದರಿಂದಲೇ ಇಷ್ಟು ಎಚ್ಚರ.

ಈ ಮಸೂರಗಳು ದುಬಾರಿ. ಕೈಗೆಟುಕದಿದ್ದರೆ ಹಣ ಕೂಡಿಬರಲೆಂದು ಕಾಯಬೇಡಿ. ಪೂರ್ಣ ನಂಬರಿನ ಸಾಮಾನ್ಯ ಕನ್ನಡಕವನ್ನು ಈ ವಾರವೇ ಮಾಡಿಸಿ, ಬಯಲಿನ ಎರಡು ಗಂಟೆಯನ್ನು ಇಂದಿನಿಂದಲೇ ಆರಂಭಿಸಿರಿ.