ಸಾಣಾಪುರದ ಬಂಡೆ, ಕರಿ ಅಂಬಾಸಿಡರ್, 84 ಫ್ರೇಮು

ಕರಿ ಕಾರಿನ ಫೋಟೋ ತೆಗೆಯುವುದೆಂದರೆ ಕನ್ನಡಿಯ ಫೋಟೋ ತೆಗೆದಂತೆ. ಗೊತ್ತಿದ್ದೂ ಒಪ್ಪಿಕೊಂಡೆ. ಗಂಗಾವತಿಯಲ್ಲಿ ಸ್ಟುಡಿಯೋ ಇಟ್ಟುಕೊಂಡ ನನಗೆ ವರ್ಷದ ಮುಕ್ಕಾಲು ಪಾಲು ಮದುವೆ, ಸೀಮಂತ, ಗೃಹಪ್ರವೇಶವೇ. ಬೆಂಗಳೂರಿನ ಪತ್ರಿಕೆಯೊಂದರವರು ಫೋನ್ ಮಾಡಿ, ಹಳೇ ಕಾರುಗಳ ವಿಶೇಷಾಂಕಕ್ಕೆ ಎರಡು ಪುಟ ತುಂಬುವ ಒಂದೇ ಒಂದು ಚಿತ್ರ ಬೇಕು ಅಂದಾಗ ಒಲ್ಲೆ ಅನ್ನಲು ಬಾಯಿ ಬರಲಿಲ್ಲ.

ಅವರ ತಲೆಯಲ್ಲಿದ್ದದ್ದು ಹಂಪಿಯ ಕಲ್ಲಿನ ರಥದ ಮುಂದೆ ನಿಂತ ಅಂಬಾಸಿಡರ್. ವಿಠ್ಠಲ ಗುಡಿಯ ತನಕ ಖಾಸಗಿ ಗಾಡಿ ಬಿಡುವುದಿಲ್ಲ, ದೂರದಲ್ಲೇ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು ಎಂದೆ. "ಹಾಗಾದ್ರೆ ಕಾರು ಬೇರೆ ಕಡೆ ತೆಗೆದು, ರಥ ಆಮೇಲೆ ಕೂಡಿಸಿ" ಅಂದರು. ಕೂಡಿಸಬಹುದು. ಆದರೆ ಕಾರಿನ ಮೈಯಲ್ಲಿ ಒಂದು ಊರು, ಬೆನ್ನ ಹಿಂದೆ ಇನ್ನೊಂದು ಊರು ಕಂಡರೆ, ನೋಡುವವರಿಗೆ ಯಾಕೆಂದು ತಿಳಿಯದೆಯೇ ಏನೋ ಕಿರಿಕಿರಿ. ಹೊಳೆಯ ಈಚೆ ದಂಡೆಗೆ, ನಮ್ಮ ಕೊಪ್ಪಳ ಜಿಲ್ಲೆಯಲ್ಲೇ, ಆನೆಗೊಂದಿ ಕಡೆಯ ಸಾಣಾಪುರ ಕೆರೆ ಹತ್ತಿರ ಅಂಥವೇ ಬಂಡೆ ಗುಡ್ಡಗಳಿವೆ. ಜಾಗ ಒಂದೇ, ಕ್ಯಾಮೆರಾ ಅಲುಗುವಂತಿಲ್ಲ, ಬೆಳಕು ಮಾತ್ರ ಸುತ್ತಾಡಬೇಕು. ಎಲ್ಲ ಫ್ರೇಮುಗಳನ್ನೂ ಆಮೇಲೆ ಒಂದರ ಮೇಲೊಂದು ಇಟ್ಟು ಬೇಕಾದಷ್ಟನ್ನೇ ಉಳಿಸಿಕೊಳ್ಳುವುದು. ಹೀಗೆ ಅಂತ ಒಪ್ಪಿಸಿದೆ.

ಕಾರು ನಮ್ಮೂರಿನ ರೈಸ್ ಮಿಲ್ ಸಾಹುಕಾರರೊಬ್ಬರದು. 1995ರ ಡೀಸೆಲ್ ಗಾಡಿ. ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲಿನದಾದ್ದರಿಂದ ನಂಬರ್ ಇವತ್ತಿನ ಕೆಎ 37 ಅಲ್ಲ, ರಾಯಚೂರಿನ ಕೆಎ 36. ಸಾಹುಕಾರರಿಗೆ ಇಂಜಿನ್ನಿಗಿಂತ ಆ ನಂಬರಿನ ಮೇಲೇ ಪ್ರೀತಿ. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ಮಾಡುವುದನ್ನು ನಿಲ್ಲಿಸಿದಾಗ, "ಈಗ ನೋಡ್ರಿ ನಮ್ಮ ಗಾಡಿಗೆ ಬೆಲಿ ಬಂತು" ಅಂದಿದ್ದರಂತೆ.

ಜನವರಿ. ಎರಡನೇ ಬೆಳೆಯ ಭತ್ತದ ನಾಟಿ ನಡೆದಿತ್ತು, ಗದ್ದೆಯಿಂದೆದ್ದ ಟ್ರ್ಯಾಕ್ಟರುಗಳು ರಸ್ತೆ ತುಂಬಾ ಕೆಸರು ಉದುರಿಸಿದ್ದವು. ಮಿಲ್ಲಿನಲ್ಲಿ ತೊಳೆದು ಒರೆಸಿ ತಂದ ಕಾರು ಸಾಣಾಪುರ ಮುಟ್ಟುವಷ್ಟರಲ್ಲಿ ಮೊಣಕಾಲತನಕ ಗದ್ದೆ. ಮತ್ತೆ ಎರಡು ಕೊಡ ನೀರು, ಮತ್ತೆ ಮೆತ್ತನೆ ಬಟ್ಟೆ. ಟೈರಿನ ಗೀರು ಕಾಣದೆ ಹೊಳೆಯುವ ಕ್ಯಾಪೇ ಕ್ಯಾಮೆರಾಕ್ಕೆ ಕಾಣುವಂತೆ ಮುಂದಿನ ಗಾಲಿ ತಿರುಗಿಸಿ ನಿಲ್ಲಿಸಿದೆವು. ಟ್ರೈಪಾಡ್ ಹೆಡ್‌ಲೈಟಿನ ಎತ್ತರಕ್ಕೆ, 70 ಎಂಎಂ, ಎಫ್ 8, ಐಎಸ್ಒ 100. ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎಲ್ಲಾ ಮ್ಯಾನ್ಯುವಲ್. ಶಟರ್‌ಗೆ ರಿಮೋಟು. ಗಾಳಿಗೆ ಅಲುಗಬಾರದೆಂದು ಟ್ರೈಪಾಡಿನ ನಡುಗಂಬಕ್ಕೆ ಕ್ಯಾಮೆರಾ ಬ್ಯಾಗು ನೇತು ಹಾಕಿದೆ. ಈ ಬ್ಯಾಗಿನ ಕಥೆ ಮುಂದೆ ಬರುತ್ತದೆ.

ಸೂರ್ಯ ಮುಳುಗಿದ್ದು ಆರೂಕಾಲಿನ ಆಸುಪಾಸು. ಅಲ್ಲಿಂದ ಇಪ್ಪತ್ತೈದು ನಿಮಿಷ ಆಕಾಶಕ್ಕೂ ಬಂಡೆಗಳಿಗೂ. ಲೆನ್ಸಿನ ಮುಂದೆ ಹಾಕುವ, ಪ್ರತಿಬಿಂಬ ತಗ್ಗಿಸುವ ಗಾಜು ಪೋಲರೈಸರ್. ಅದನ್ನು ಒಂದು ಕೋನಕ್ಕೆ ತಿರುಗಿಸಿದರೆ ಗಾಜಿನ ಮೇಲಿನ ಆಕಾಶ ಮಾಯವಾಗಿ ಸೀಟು ಕಾಣುತ್ತದೆ, ಆದರೆ ಬಾನೆಟ್ ಮೇಲೆ ಹೊಳಪು ಉಳಿಯುತ್ತದೆ. ಇನ್ನೊಂದು ಕೋನಕ್ಕೆ ಬಾನೆಟ್ ಸರಿ, ಗಾಜು ಕೆಡುತ್ತದೆ. ಅದಕ್ಕೇ ಎರಡೂ ಫ್ರೇಮು ಬೇಕು. ಬಂಪರಿನ ಕ್ರೋಮ್ ಮಾತ್ರ ಯಾವುದಕ್ಕೂ ಬಗ್ಗಲಿಲ್ಲ. ಬರೀ ಲೋಹದ ಮೇಲೆ ಪೋಲರೈಸರ್ ಆಟ ನಡೆಯುವುದಿಲ್ಲ. ಬಂಪರಿನಲ್ಲಿ ನಾನು, ಟ್ರೈಪಾಡು, ನನ್ನ ಸಹಾಯಕ ಹುಡುಗನ ಬಿಳಿ ಅಂಗಿ, ಎಲ್ಲರೂ ಹಾಜರ್.

ಕತ್ತಲಾದ ಮೇಲೆ ಟ್ಯೂಬಿನ ಕೆಲಸ. ಮದುವೆ ಸ್ಟೇಜಿಗೆ ಬಳಸುವ ನಾಲ್ಕಡಿ ಬ್ಯಾಟರಿ ಎಲ್ಇಡಿ ಟ್ಯೂಬಿಗೆ ಬಿಳಿ ಪಂಚೆ ಒಂದು ಸುತ್ತು. ಹುಡುಗನ ಬಿಳಿ ಅಂಗಿಯ ಮೇಲೆ ಸಾಹುಕಾರರ ಡ್ರೈವರಿನ ಕರಿ ಕಂಬಳಿ. ಶಟರ್ ಎಂಟು ಸೆಕೆಂಡ್ ತೆರೆದಿರುತ್ತದೆ. ಅಷ್ಟರಲ್ಲಿ ಅವನು ಟ್ಯೂಬ್ ಹಿಡಿದು ಕಾರಿನ ಉದ್ದಕ್ಕೂ ನಡೆಯಬೇಕು. ಒಂದು ಸಲ ಮಾಡಿನ ಮೇಲೆ, ಒಂದು ಸಲ ಬಾಗಿಲ ಮಗ್ಗುಲಿಗೆ, ಒಂದು ಸಲ ಬಾನೆಟ್ ಮೇಲೆ. ಅವನು ಎಲ್ಲೂ ನಿಲ್ಲದಿದ್ದರೆ, ಬೆಳಕು ಅವನ ಮೇಲೆ ಬೀಳದಿದ್ದರೆ ಚಿತ್ರದಲ್ಲಿ ಅವನ ಸುಳಿವೇ ಇರುವುದಿಲ್ಲ. ಟ್ಯೂಬಿನ ಗೆರೆ ಮಾತ್ರ ಉಳಿಯುತ್ತದೆ.

ಹೊಸ ಕಾರುಗಳ ಚಪ್ಪಟೆ ಬಾಗಿಲ ಮೇಲೆ ಆ ಗೆರೆ ಅಗಲವಾಗಿ ಹರಡುತ್ತದೆ. ಅಂಬಾಸಿಡರಿನದು ದುಂಡು ಮೈ. ಬಸ್ಸಿನ ಪಕ್ಕದ ಉಬ್ಬುಗನ್ನಡಿಯಂತೆ ಎಲ್ಲವನ್ನೂ ಕುಗ್ಗಿಸಿ ತೋರಿಸುತ್ತದೆ. ನಾಲ್ಕಡಿ ಟ್ಯೂಬು ಮಡ್‌ಗಾರ್ಡಿನ ಮೇಲೆ ಬೆರಳುದ್ದ. ಕೈ ಒಂದಿಂಚು ಮೇಲೆ ಕೆಳಗಾದರೂ ಗೆರೆ ಹಾವಿನ ಹಾಗೆ ಹೊರಳುತ್ತದೆ. ಮೊದಲ ಹನ್ನೊಂದು ಫ್ರೇಮೂ ಹಾವೇ. "ಲೇ, ತಲಿ ಮ್ಯಾಲ ತುಂಬಿದ ಕೊಡ ಐತಿ ಅಂತ ತಿಳಕೊಂಡು ನಡಿ" ಅಂದೆ. ಹನ್ನೆರಡನೆಯದು ಎಳೆದ ನೂಲಿನಂತೆ ಬಂತು.

ಇದರ ನಡುವೆ, ಶಟರ್ ತೆರೆದಿರುವಾಗಲೇ ಒಂದು ಟ್ರ್ಯಾಕ್ಟರು ತಿರುವಿನಲ್ಲಿ ಬಂದು ಹೆಡ್‌ಲೈಟನ್ನು ಬಂಡೆಗಳ ಮೇಲೆಲ್ಲ ಸವರಿಕೊಂಡು ಹೋಯಿತು. "ಏನ್ ಮಾಡಾಕತ್ತೀರಿ, ಗಾಡಿ ಕೆಟ್ಟೈತೇನು? ನೂಕಲೇನ್ರಿ?" ಅಂತ ಕೇಳಿದ ಪುಣ್ಯಾತ್ಮನಿಗೆ ಸಿಟ್ಟಿನಲ್ಲೇ ಬೇಡ ಅಂದೆ. ಫ್ರೇಮು ಅಳಿಸಲು ಹೋದವನು, ಯಾಕೋ ಬಿಟ್ಟೆ.

ಒಟ್ಟು 84 ಫ್ರೇಮು. ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ ಎದೆ ಧಸಕ್ಕೆಂದಿತು. ಅರ್ಧದ ನಂತರದ ಎಲ್ಲ ಫ್ರೇಮುಗಳಲ್ಲೂ ಕಾರು ಮೂರು ಪಿಕ್ಸೆಲ್ ಜರುಗಿತ್ತು. ಹುಡುಗ ಬ್ಯಾಟರಿ ಬದಲಿಸಲೆಂದು ನೇತುಹಾಕಿದ್ದ ಬ್ಯಾಗು ಬಿಚ್ಚಿ ನೆಲಕ್ಕಿಟ್ಟಿದ್ದ. ಭಾರ ಇಳಿದದ್ದೇ ತಡ, ಮರಳಿನಲ್ಲಿ ಊರಿದ್ದ ಟ್ರೈಪಾಡ್ ಕೂದಲೆಳೆಯಷ್ಟು ಮೇಲೆದ್ದಿದೆ. ಫ್ರೇಮುಗಳನ್ನು ತಾನೇ ಹೊಂದಿಸುವ ಫೋಟೋಶಾಪಿನ ಆಟೋ ಅಲೈನಿಗೆ ಕೊಟ್ಟರೆ, ಪ್ರತಿ ಫ್ರೇಮಿನಲ್ಲೂ ಬೆಳಕು ಬೇರೆಯಾದ್ದರಿಂದ ಅದು ತಲೆಕೆಟ್ಟು ಕಾರನ್ನೇ ತಿರುಚಿತು. ಗ್ರಿಲ್ಲಿನ ಒಂದು ಸ್ಕ್ರೂ ಗುರುತಿಟ್ಟುಕೊಂಡು ಒಂದೊಂದನ್ನೂ ಕೈಯಲ್ಲೇ ಸರಿಸಿದೆ. ಒಂದು ರಾತ್ರಿ ಅದಕ್ಕೇ ಹೋಯಿತು.

ಉಳಿದದ್ದು ಸುಲಭ ಅನ್ನಬಹುದು. ಒಂದರ ಮೇಲೊಂದು ಇಟ್ಟ ಫ್ರೇಮುಗಳನ್ನು, ಅಂದರೆ ಲೇಯರುಗಳನ್ನು, ಲೈಟನ್ ಮೋಡಿಗೆ ಹಾಕಿದರೆ ಪ್ರತಿ ಜಾಗದಲ್ಲೂ ಯಾವ ಫ್ರೇಮು ಹೆಚ್ಚು ಬೆಳ್ಳಗಿದೆಯೋ ಅದಷ್ಟೇ ಉಳಿಯುತ್ತದೆ, ಬೇಡವಾದದ್ದನ್ನು ಮಾಸ್ಕ್ ಎಳೆದು ಮುಚ್ಚುವುದು. ಬಂಪರಿನಲ್ಲಿ ಹಾಜರಿದ್ದವರನ್ನೂ ಹಾಗೇ ಹೊರಗೆ ಹಾಕಿದೆ. ಕಷ್ಟವಿದ್ದದ್ದು ಕೈ ತಡೆಯುವುದರಲ್ಲಿ. ಚೆಂದ ಬಂದ ಗೆರೆಗಳನ್ನೆಲ್ಲ ಹಾಕಿದ್ದಕ್ಕೆ ಕಾರು ಮಂಟಪದ ಪ್ಲಾಸ್ಟಿಕ್ ಹೂವಿನ ಹಾಗೆ ಥಳಥಳ ಅನ್ನತೊಡಗಿತು. ಒಂದೊಂದನ್ನೇ ತೆಗೆದುಹಾಕುತ್ತ ಬಂದೆ. ಕೊನೆಗೆ ಉಳಿದದ್ದು 19. ಅದರಲ್ಲಿ ಆ ಟ್ರ್ಯಾಕ್ಟರಿನ ಫ್ರೇಮೂ ಒಂದು. ಬಂಡೆಗಳ ಅಂಚಿಗೆ ಅದು ಹಚ್ಚಿದ ಹಳದಿ ಬೆಳಕು ನನ್ನ ಟ್ಯೂಬಿನಿಂದ ಜನ್ಮದಲ್ಲಿ ಬರುತ್ತಿರಲಿಲ್ಲ. ಚಿತ್ರ ತಲುಪಿದ ಮೇಲೆ ಸಂಪಾದಕರು ಕೇಳಿದ್ದೂ ಅದನ್ನೇ, ಹಿಂದುಗಡೆ ಯಾವ ಲೈಟು ಹಾಕಿದ್ರಿ ಅಂತ.

ಸಂಚಿಕೆ ಬಂದ ದಿನ ಮಿಲ್ಲಿಗೆ ಒಯ್ದೆ. ಸಾಹುಕಾರರು ಕನ್ನಡಕ ಹಾಕಿಕೊಂಡು ಎರಡು ಪುಟ ಅಗಲಿಸಿ, ನೂಲಿನಂಥ ಗೆರೆಯನ್ನೂ ಬಂಡೆಯನ್ನೂ ದಾಟಿ ಬೆರಳನ್ನು ಸೀದಾ ಬಂಪರಿನ ಕೆಳಗೆ ಇಟ್ಟರು. ಪತ್ರಿಕೆಯವರು ನಂಬರ್ ಪ್ಲೇಟು ಖಾಲಿ ಮಾಡಿದ್ದರು. "ಕೆಎ 36 ಎಲ್ಲಿ ಹೋತು?"

ಮರುದಿನ ಪ್ಲೇಟಿನ ಸಮೇತ ಒಂದು ಪ್ರಿಂಟು ಹಾಕಿಸಿಕೊಟ್ಟೆ. ಮಿಲ್ಲಿನ ಆಫೀಸಿನಲ್ಲಿ, ತೂಕದ ಯಂತ್ರದ ಮೇಲುಗಡೆ ಅದು ನೇತಾಡುತ್ತಿದೆ. ಆಗಲೇ ಒಂದು ಪದರ ತೌಡಿನ ಧೂಳು ಕೂತಿದೆ.